ಬರಿಗಿವಿಯ ಬೇಟೆ

ಹಾಮರ್‌ಡಾಲ್,
ಸೆಪ್ಟೆಂಬರ್ 29

ಪ್ರೀತಿಯ ಟೋರ್ನಿ ಅಣ್ಣಾ,

ಮಗಳು ತೂವಾಳ ಕಿವಿಯ ಸಂಗತಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯೋಣವೆಂದೇ ಕೂತಿದ್ದೆ. ಆಗಲಿಲ್ಲ. ನಿನ್ನ ರಕ್ತದೊತ್ತಡ ಹೇಗಿದೆ? ಅತ್ತಿಗೆಯ ಕೆಮ್ಮು ಇಳಿಯಿತೇ? ಫೋನಿನಲ್ಲಿ ನಾನು ಕಿರುಚುವುದು, ನೀನು "ಆಂ? ಆಂ?" ಅನ್ನುವುದು ಈ ಸಲ ಬೇಡವೆನಿಸಿತು, ಅದಕ್ಕೇ ಕಾಗದ.

ಈ ತಿಂಗಳ ಎಲ್ಕ್ ಕಡವೆಯ ಬೇಟೆಗೆ ತೂವಾ ಮೊದಲ ಸಲ ಸ್ವಂತ ಬಂದೂಕು ಹಿಡಿದು ಹೋದಳು. ಗುಂಡಿನ ಸದ್ದು ತಡೆಯಲೆಂದು ನಾನು ಕೊಡಿಸಿದ್ದ ಕಿವಿಗವಸು ಹಾಕಿಕೊಂಡೇ ಹೋಗಿದ್ದಳು. ತಂಡದ ಯಜಮಾನ ಸಿಕ್ಸ್ಟನ್ ಸುಮ್ಮನಿರಬೇಕಲ್ಲ: "ಏನವ್ವಾ, ಹಾಡು ಕೇಳೋಕೆ ಬಂದ್ಯಾ? ನಾಯಿ ಬೊಗಳೋದನ್ನ ಬರಿಗಿವೀಲೇ ಕೇಳ್ಬೇಕು. ನಿಮ್ಮ ಟೋರ್ನಿ ಮಾವನ್ನ ನೋಡಿ ಕಲಿ!" ಎಲ್ಲರೂ ನಕ್ಕರಂತೆ. ದೂರದಲ್ಲಿ ನಾಯಿ ಎಲ್ಕನ್ನು ಅಡ್ಡಗಟ್ಟಿ ಬೊಗಳತೊಡಗಿದಾಗ ಕಿವಿಗವಸನ್ನು ಕುತ್ತಿಗೆಗೆ ಇಳಿಸಿದಳು. ಎಲ್ಕ್ ಎದುರಿಗೆ ಬಂದಾಗ ಮತ್ತೆ ಏರಿಸಲು ಪುರಸೊತ್ತಿರಲಿಲ್ಲ. ಒಂದೇ ಗುಂಡಿಗೆ ಎಲ್ಕ್ ಬಿತ್ತು; ಅವಳ ಎಡಗಿವಿಯಲ್ಲಿ ಶಿಳ್ಳೆ ಶುರುವಾಯಿತು.

"ಒಂದು ನಿದ್ದೆ ಮಾಡಿದ್ರೆ ಹೋಗತ್ತೆ" ಎಂದರು ತಂಡದವರು. ಚರ್ಮ ಸುಲಿಯುವುದಿತ್ತು, ಮಾಂಸ ಪಾಲು ಹಾಕುವುದಿತ್ತು. ಬೇಟೆಯ ವಾರದಲ್ಲಿ ನಮ್ಮಲ್ಲಿ ಯಾರು ತಾನೇ ಆಸ್ಪತ್ರೆಗೆ ಹೋಗುತ್ತಾರೆ? ವಾರ ಕಳೆದ ಮೇಲೆ ಹೋದಾಗ ಕಿವಿಯ ವೈದ್ಯೆ ಮಾತ್ರೆ ಬರೆದುಕೊಟ್ಟು, "ಅವತ್ತೇ ಬಂದಿದ್ರೆ ಒಂದಿಷ್ಟು ಉಳೀತಿತ್ತೋ ಏನೋ, ಖಾತ್ರಿಯಿಲ್ಲ" ಎಂದಳು. ಮಾತ್ರೆ ಮುಗಿದವು. ಶಿಳ್ಳೆ ಮುಗಿದಿಲ್ಲ. ಅವಳು ನುಡಿಸುವ ಪಿಟೀಲು ಎಡಗಿವಿಯ ಕೆಳಗೇ ಅಲ್ಲವೇ ಕೂರುವುದು, ಅಣ್ಣಾ? ಮೊನ್ನೆ ಅರ್ಧಕ್ಕೇ ನಿಲ್ಲಿಸಿ, "ಅಮ್ಮಾ, ಪಕ್ಕದ ಮನೇಲಿ ಯಾರೋ ನುಡಿಸ್ತಿರೋ ಹಂಗೆ ಕೇಳ್ತದೆ" ಎಂದಳು. ಪೆಟ್ಟಿಗೆಯಲ್ಲಿಟ್ಟು ಮುಚ್ಚಿದವಳು ಮತ್ತೆ ತೆರೆದಿಲ್ಲ. ಧೈರ್ಯ ಹೇಳಲು ಬಾಯಿ ತೆರೆಯುತ್ತೇನೆ. ನನ್ನಲ್ಲೇ ಇಲ್ಲದ್ದನ್ನು ಅವಳಿಗೆ ಹೇಗೆ ಕೊಡಲಿ? ಯಾರ ಮೇಲೆ ಸಿಟ್ಟಾಗಬೇಕೆಂಬುದೂ ತಿಳಿಯುತ್ತಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಟ್ರೊಮ್ಸೊದಲ್ಲಿ ಆಗಲೇ ಚಳಿಯಿರಬೇಕು, ಬೆಚ್ಚಗಿರಿ.

ನಿನ್ನ ತಂಗಿ,
ಆನೆಲಿ

ತಾ.ಕ.: ಕಿರಿಯ ಮಗಳು ಸಿಗ್ನೆಯನ್ನು ಮುಂದಿನ ವರ್ಷದ ತಂಡಕ್ಕೆ ಸೇರಿಸಿಕೊಂಡಿದ್ದಾರೆ. "ನಾನೂ ಮಾವನ ಥರ ಬರಿಗಿವೀಲೇ ಹೋಗ್ತೀನಿ" ಅನ್ನುತ್ತಾಳೆ. ನಾನು ಬೇಡವೆಂದರೆ "ಅಮ್ಮಂದಿರು ಹಿಂಗೇ ಬಿಡಿ" ಎಂದು ನಗುತ್ತಾರೆ, ನಿನ್ನೆದುರು ನಗಲಾರರು. ಅಕ್ಟೋಬರ್ ಹನ್ನೆರಡಕ್ಕೆ ತಂಡದ ಊಟವಿದೆ, ಬಾ. ನಾಯಿ ಬೊಗಳುವುದು ನಿನಗೆ ಕೇಳದೆ ವರ್ಷಗಳಾದವು, ನೀನು ಬೇಟೆ ಬಿಟ್ಟದ್ದೂ ಅದಕ್ಕೇ ಎಂದು ಸಿಗ್ನೆಯ ಮುಂದೆ, ಎಲ್ಲರ ಮುಂದೆ ಹೇಳು. ನೀನು ಬರುತ್ತೀಯೆಂಬ ನಂಬಿಕೆ ನನಗಿಲ್ಲ. ಆದರೂ ಇದನ್ನು ನಾಳೆ, ಸೆಪ್ಟೆಂಬರ್ 30ರಂದು, ಅಂಚೆಗೆ ಹಾಕುತ್ತೇನೆ.