ಶಾಲು ಹೊದಿಸಿ ಪಡೆದ ಹತ್ತು ಗುಂಟೆ

ನಮ್ಮೂರ ಟ್ಯಾಂಕಿಗೆ ಜಾಗ ಪಡೆದ ಅಧಿಕಾರಿಗಳೇ,

ನಾನು ದಾನಿಯಲ್ಲ. ಎರಡು ವರ್ಷದ ಹಿಂದೆ ಕುಡಿಯುವ ನೀರಿನ ಟ್ಯಾಂಕಿಗೆಂದು ತೆಗೆದುಕೊಂಡ ಹತ್ತು ಗುಂಟೆಗೆ ಪರಿಹಾರ ಕೊಡುವ ಬದಲು ನೀವು ನನಗೆ ಈ ಬಿರುದು ಕೊಟ್ಟಿದ್ದೀರಿ. ದಯವಿಟ್ಟು ವಾಪಸ್ ತೆಗೆದುಕೊಳ್ಳಿ.

ಪಹಣಿಯಲ್ಲಿ ಹೆಸರು ನನ್ನದು, ನೆಲ ನನ್ನ ತಂಗಿ ಮುನಿತಾಯಮ್ಮನದು. ಗಂಡ ತೀರಿಕೊಂಡು ತವರಿಗೆ ಬಂದವಳಿಗೆ ಅಪ್ಪ ಬಾಯಿಮಾತಿನಲ್ಲಿ ಕೊಟ್ಟದ್ದು. ಅದರಲ್ಲಿ ಕನಕಾಂಬರ ಬೆಳೆದು, ಕಟ್ಟಿ, ದೊಡ್ಡಬಳ್ಳಾಪುರದ ಪೇಟೆಯಲ್ಲಿ ಮಾರಿ ಬದುಕುತ್ತಿದ್ದಳು. ಮೂರು ತಿಂಗಳಲ್ಲಿ ಪರಿಹಾರ ಬರುತ್ತದೆ ಎಂದು ನಿಮ್ಮವರು ಹೇಳಿದಾಗ ಅವಳನ್ನು ಕೇಳಿದೆ. “ಊರಿಗೆ ನೀರು ಬರ್ತದಲ್ಲಣ್ಣ, ಹೋಗ್ಲಿ ಬಿಡು. ದುಡ್ಡು ಬಂದ್ರೆ ಬೇರೆ ಕಡೆ ಗಿಡ ಹಾಕ್ಕೊತೀನಿ” ಅಂದಳು. ಗಿಡಗಳನ್ನು ತಾನೇ ಕಿತ್ತಳು.

ಉದ್ಘಾಟನೆಯ ದಿನ ಮೈಕಿನಲ್ಲಿ ನನ್ನ ಹೆಸರು ಕೂಗಿ, ವೇದಿಕೆ ಹತ್ತಿಸಿ, ‘ಉಚಿತವಾಗಿ ಭೂಮಿ ನೀಡಿದ ಮಹಾದಾನಿ’ ಎಂದು ಶಾಲು ಹೊದಿಸಿದಿರಿ. ಊರೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ಕೊರಳಲ್ಲಿ ಹಾರ ಇರುವಾಗ ‘ಇಲ್ಲ ಸ್ವಾಮಿ, ನಾನು ಕೊಟ್ಟಿಲ್ಲ’ ಎನ್ನುವುದು ಹೇಗೆ? ಮರ್ಯಾದೆಗೆ ಅಂಜಿ ಕೈಮುಗಿದೆ. ಹೆಂಗಸರ ಸಾಲಿನಲ್ಲಿ ತಂಗಿ ಕೂತಿದ್ದಳು. ಕೈಮುಗಿದ ತಪ್ಪು ನನ್ನದೇ, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ.

ಆಮೇಲೆ ಕಚೇರಿಗೆ ಅಲೆದದ್ದಕ್ಕೆ ಲೆಕ್ಕವಿಲ್ಲ. ಹೋದಾಗಲೆಲ್ಲ ಗುಮಾಸ್ತರು ಆ ದಿನದ ಫೋಟೋ ತೆಗೆದು ತೋರಿಸುತ್ತಾರೆ. “ಕೊಟ್ಬಿಟ್ಟು ಈಗ ಪರಿಹಾರ ಕೇಳ್ತೀರಲ್ಲ, ನಾಚ್ಕೆ ಆಗಲ್ವೇನ್ರೀ?” ನನ್ನ ಅರ್ಜಿ ಸಿಗದ, ಜಾಗ ಪಡೆದಾಗಿನ ನೋಟಿಸಿನ ಪ್ರತಿ ಸಿಗದ ನಿಮ್ಮ ಕಚೇರಿಯಲ್ಲಿ ಆ ಫೋಟೋ ಮಾತ್ರ ಬಹಳ ಜೋಪಾನವಾಗಿದೆ. ನಾನು ಬರೆದುಕೊಡದ ದಾನಪತ್ರಕ್ಕೆ ಮುಗಿದ ಕೈಗಳೇ ಸಹಿಯೇ?

ಉದ್ಘಾಟನೆ ಮುಗಿದ ಸಂಜೆ ತಂಗಿ ಜಗಳವಾಡಲಿಲ್ಲ. “ನಂದನ್ನ ದಾನ ಮಾಡೋವಾಗ ನನ್ನನ್ನೊಂದ್ ಮಾತು ಕೇಳ್ಬಾರ್ದಿತ್ತಾ ಅಣ್ಣ?” ಎಂದಳು, ಅಷ್ಟೇ. ನಾನು ದಾನ ಕೊಟ್ಟಿಲ್ಲವೆಂದು ಆಣೆ ಮಾಡಿ ಹೇಳಿದೆ. “ಕೈ ಮುಗ್ದಿದ್ದು ನಾನೇ ನೋಡ್ದೆ” ಅಂದಳು. ಅಂದಿನಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ಈಗ ಬೇರೆಯವರ ತೋಟದಲ್ಲಿ ಕೂಲಿಗೆ ಹೂ ಬಿಡಿಸುತ್ತಾಳೆ. ಟ್ಯಾಂಕಿನ ನಲ್ಲಿ ಅವಳ ಮನೆ ಮುಂದೆಯೇ ಇದೆ. ಆದರೂ ಬಿಂದಿಗೆ ಹಿಡಿದು ಊರಾಚೆಯ ಹಳೇ ಬಾವಿಗೆ ಹೋಗುತ್ತಾಳೆ. ದಿನಾ ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಾಳೆ, ಒಳಗೆ ನೋಡುವುದಿಲ್ಲ. ನನಗೆ ತಡೆಯಲಾಗುತ್ತಿಲ್ಲ ಸ್ವಾಮಿ.

ಪರಿಹಾರವನ್ನು ಅವಳ ಕೈಗೇ ಕೊಡಿ. ಅದು ತಡವಾಗುವುದಾದರೆ, ‘ಈ ನೆಲ ದಾನ ಬಂದದ್ದಲ್ಲ, ನಾವು ತೆಗೆದುಕೊಂಡದ್ದು’ ಎಂದು ಒಂದು ಸಾಲು ಬರೆದು ಮೊಹರು ಹಾಕಿ. ಅಂಚೆಯಲ್ಲಿ ಮಾತ್ರ ಕಳಿಸಬೇಡಿ. ತಂಗಿಗೆ ಓದು ಬರದು, ನಾನು ಓದಿ ಹೇಳಿದರೆ ನಂಬುವುದಿಲ್ಲ. ನಿಮ್ಮವರೇ ಯಾರಾದರೂ ಬಂದು ಅವಳ ಮುಂದೆ ಓದಬೇಕು. ಬಂದವರು ಆ ಶಾಲನ್ನೂ ಒಯ್ಯಬಹುದು. ಅವತ್ತು ಮಡಚಿಟ್ಟದ್ದು ಹಾಗೆಯೇ ಇದೆ.

ಇಂತಿ,
ಏನೂ ಕೊಡದೆ ಮಹಾದಾನಿಯಾದ
ಸಂಜೀವಪ್ಪ
ದೊಡ್ಡಬೆಳವಂಗಲ ಹೋಬಳಿ, 1991