ತೂತಿಲ್ಲದ ಲಂಗೋಟಿ

ಆತ್‌ಬಾಶಿ,
ಸೆಪ್ಟೆಂಬರ್, ಹುಲ್ಲು ಒಟ್ಟಿ ಮುಗಿದ ಮರುದಿನ

ಸೊಸೆ ಮೀರಿಮ್‌ಗೆ,

ಮೊದಲು ಎಲಾಮಾನ್‌ನ ನೆತ್ತಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು, ಆಮೇಲೆ ಈ ಕಾಗದ ಓದು. ಕೊಟ್ಟೆಯಾ? ಸರಿ. ಅತ್ತೆಯ ಕಾಗದ ಕಂಡು ನಿನ್ನ ಎದೆ ಧಸಕ್ಕೆಂದಿರುತ್ತದೆ, ನನಗೆ ಗೊತ್ತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಅತ್ತೆ, ಸರಿ ಅತ್ತೆ" ಅನ್ನುವುದು ಬಿಟ್ಟು ಬೇರೆ ಬಾಯಿ ಬಿಡುವುದಿಲ್ಲ. ಇಲ್ಲಿ ನಿಮ್ಮ ಮಾವ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾರೆ. ಅದಕ್ಕೇ ಬರೆಯಲು ಕೂತೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಸಹಿಸಿಕೋ.

ಹುಲ್ಲಿನ ಕೆಲಸ ಮುಗಿದ ಮೇಲೆ ನಾನು ಬಿಷ್ಕೆಕ್‌ಗೆ ಬಂದು ಎಲಾಮಾನ್‌ನನ್ನು ಎತ್ತಿಕೊಂಡು ಬರುವುದೆಂದು ಮಾತಾಗಿತ್ತು. ಚೊಚ್ಚಲ ಮೊಮ್ಮಗ ಅಜ್ಜ ಅಜ್ಜಿಯ ಮನೆಯಲ್ಲೇ ಬೆಳೆಯಬೇಕು, ಅವರನ್ನೇ ಅಪ್ಪ ಅಮ್ಮ ಎನ್ನಬೇಕು; ನಮ್ಮ ಕಡೆ ಇದೇನು ಹೊಸದಲ್ಲ. ಮಗುವಿಗೆ ನಲವತ್ತು ದಿನ ತುಂಬಿದಂದು ನಿಮ್ಮ ಮಾವ ಈ ಮಾತು ತೆಗೆದಾಗ ನಿನ್ನ ಗಂಡ, ನನ್ನ ಮಗರಾಯ ತಲಾಂತ್, ನೆಲ ನೋಡುತ್ತಾ ಕೂತ. ನೀನು ಚಹಾ ಬಗ್ಗಿಸುತ್ತಾ "ನೀವು ಹೇಳಿದ ಹಾಗೆ" ಎಂದೆ. ಬಟ್ಟಲು ತುಂಬಿ ತಟ್ಟೆಗೆಲ್ಲ ಚೆಲ್ಲಿತು. ಯಾರೂ ನೋಡಲಿಲ್ಲ ಅಂದುಕೊಂಡಿದ್ದೀಯ. ನಾನು ನೋಡಿದೆ.

ಇರಲಿ. ಈಗ ಲಂಗೋಟಿಯ ವಿಷಯಕ್ಕೆ ಬರುತ್ತೇನೆ.

ಬೇಸಿಗೆಯಲ್ಲಿ ನೀನು ಮಗುವನ್ನು ಕರೆದುಕೊಂಡು ಬಂದಾಗ ಅಂಗಡಿಯ ಡೈಪರಿನಿಂದ ಅದರ ತೊಡೆಸಂದು ಕೆಂಪಗೆ ಕಿತ್ತುಹೋಗಿತ್ತು. ಪಾಪ, ಮುಟ್ಟಿದರೆ ಕಿರುಚುತ್ತಿತ್ತು. ನೀನು ಯಾರ ಹತ್ತಿರವೋ ಮಾದರಿಗೆಂದು ಕೇಳಿ ತಂದಿದ್ದ ಬಟ್ಟೆಯ ಡೈಪರುಗಳನ್ನು ಚೀಲದಿಂದ ತೆಗೆದು ಹಾಸಿನ ಮೇಲೆ ಹರವಿದೆ. ಒಂದು ಫ್ಲಾನೆಲ್, ಒಂದು ಬಿದಿರು ನಾರಿನದಂತೆ, ಒಂದಕ್ಕೆ ಸೊಂಟದಲ್ಲಿ ಸಾಲಾಗಿ ಒತ್ತುಗುಂಡಿ, ಇನ್ನೊಂದಕ್ಕೆ ಪರಪರ ಎಂದು ಕಿತ್ತುಬರುವ ಪಟ್ಟಿ, ಎಲ್ಲಕ್ಕೂ ತೊಡೆಯ ಸುತ್ತ ಎಲಾಸ್ಟಿಕ್. ಯಾವುದು ಕೊಳ್ಳಲಿ ಎಂದು ನನ್ನನ್ನು ಕೇಳಿದೆ. ನನ್ನನ್ನು! ನೆರೆಮನೆಯ ಉಪೋಲ್ ಎಲಾಮಾನ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಾ ಹೊರಳಾಡಿದಳು.

"ಇದೇನೇ ಸಲ್ಕಿನಾಯ್, ಕುದುರೆಮರಿಗೆ ಜೀನು ಬಿಗಿಯೋ ಹಾಗಿದೆಯಲ್ಲೇ!"

ನಾನೇನು ಕಡಿಮೆಯೇ? "ನಮ್ಮ ತೊಟ್ಟಿಲಿಗೆ ಮರದ ಕೊಳವೆ ಇದೆ, ಕೆಳಗೆ ಮಡಕೆ ಇದೆ. ಹುಯ್ದದ್ದು ಹುಯ್ದ ಹಾಗೇ ಮಡಕೆಗೆ ಹೋಗತ್ತೆ. ನನ್ನ ಮಕ್ಕಳೆಲ್ಲ ಅದರಲ್ಲೇ ಬೆಳೆದ್ರು, ಯಾರ ಕುಂಡೆ ಏನು ಸವೆದುಹೋಗಿದೆ?" ಎಂದೆ. ಅಷ್ಟರಲ್ಲಿ ನಿನ್ನ ಮಗ ಉಪೋಲ್‌ಳ ಹೊಸ ಲಂಗದ ಮೇಲೆ ತನ್ನ ಅಭಿಪ್ರಾಯ ತಿಳಿಸಿದ. ಅವಳು ಆ ಮೇಲೆ ಜೀನಿನ ಮಾತು ಎತ್ತಲಿಲ್ಲ.

ಕೊನೆಗೆ ನೀನು ಫ್ಲಾನೆಲ್ಲಿನದು, ಗುಂಡಿಯದು ಆರಿಸಿದೆ. ಒಳ್ಳೆಯ ಆಯ್ಕೆ, ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಆದರೆ ಎಲ್ಲಾ ಸಣ್ಣ ಅಳತೆಯವೇ. "ಹಿಮ ಬೀಳೋ ಹೊತ್ತಿಗೆ ಇವು ತೊಡೆ ಹಿಡೀತವೆ ಕಣೇ, ದೊಡ್ಡವೂ ತಗೋ" ಎಂದು ನಾನು ಹೇಳಿದೆ. ಸಣ್ಣದು ಸಾಕು ಎಂದೆ ನೀನು. ಮತ್ತೆ ಹೇಳಿದ್ದಕ್ಕೆ, "ದೊಡ್ಡದು ನನ್ನ ಕೈಯಲ್ಲಿ ಆರಿಸೋಕಾಗಲ್ಲ ಅತ್ತೆ" ಎಂದು ಎದ್ದು ಹೊರಗೆ ಹೋದೆ. ಉಪೋಲ್ ನನ್ನ ಕಿವಿಯಲ್ಲಿ, "ನಿನ್ನ ಸೊಸೆ ಕೈ ಬಲು ಬಿಗಿ" ಎಂದಳು. ಆದರೆ ಮಗು ದೊಡ್ಡ ಅಳತೆ ತೊಡುವ ಹೊತ್ತಿಗೆ ಅದು ಯಾರ ಮನೆಯಲ್ಲಿರುತ್ತದೆ ಎಂಬುದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನೀನು ಹೊರಡುವಾಗ ಒಂದನ್ನು ಇಲ್ಲೇ ಮರೆತೆ. ಅದರ ಹೊಲಿಗೆ ಬಿಚ್ಚಿ, ಹಳೆಯ ಪತ್ರಿಕೆಯ ಮೇಲಿಟ್ಟು ಅಚ್ಚು ತೆಗೆದೆ. ಎರಡು ತುದಿ ಅಗಲ, ನಡು ಸಣ್ಣ, ಮಧ್ಯೆ ದಪ್ಪ ಪದರ. ಇದೇನು ಮಹಾ ವಿದ್ಯೆ ಎಂದುಕೊಂಡು ಮಿಷನ್ ಮುಂದೆ ಕೂತೆ. ಮೊದಲನೆಯದು ಮುಗಿದಾಗ ನಿಮ್ಮ ಮಾವನ ಕೈಗೆ ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದರು, ಆಮೇಲೆ ಅದರೊಳಗಿಂದ ಒಂದು ಬೆರಳು ಹೊರಗೆ ತೂರಿಸಿದರು.

"ಏನೇ ಇದು, ಮುಂದುಗಡೆ ಒಂದು ತೂತು?"

"ತೊಟ್ಟಿಲ ಕೊಳವೆ ಎಲ್ಲಿಂದ ಬರಬೇಕು ಮತ್ತೆ?"

"ಅಲ್ವೇ ಮುದುಕಿ, ಕೊಳವೆ ಇದ್ಮೇಲೆ ಲಂಗೋಟಿ ಯಾಕೆ? ಲಂಗೋಟಿ ಇದ್ಮೇಲೆ ತೂತು ಯಾಕೆ?"

ಅಯ್ಯೋ, ನನಗೆ ಹೊಳೆದೇ ಇರಲಿಲ್ಲ! ನಾನು ಹುಟ್ಟಿದಾಗಿನಿಂದ ನೋಡಿದ್ದು ತೊಟ್ಟಿಲಲ್ಲಿ ಕಟ್ಟಿಸಿಕೊಂಡು ಮಲಗುವ ಕೂಸುಗಳನ್ನು ಮಾತ್ರ. ಅವರು ನಕ್ಕು ನಕ್ಕು ಕೆಮ್ಮಿದರು. ಅಷ್ಟಕ್ಕೆ ಬಿಟ್ಟರೆ? ಹುಲ್ಲುಗಾವಲಿನಲ್ಲಿ ಗಂಡಸರಿಗೆಲ್ಲ ಹೇಳಿದರು. ಅವರು ಹೆಂಗಸರಿಗೆ ಹೇಳಿದರು. ಈಗ ನಾನು ಊರಿಗೆಲ್ಲ ತೂತು ಲಂಗೋಟಿಯ ಸಲ್ಕಿನಾಯ್.

ಹುಲ್ಲು ಒಟ್ಟಲು ಕುಬಾತ್ ಬಂದಿದ್ದ. ನಿನಗೆ ಅವನು ಭಾವ, ನನಗೆ ಚೊಚ್ಚಲ ಮಗ. ಅವನನ್ನು ನನ್ನ ಅತ್ತೆ ಬೆಳೆಸಿದರೆಂಬುದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಒಂದೇ ಅಂಗಳ, ಎರಡು ಮನೆ. ಅವನು ಅತ್ತರೆ ನನಗೆ ಕೇಳಿಸುತ್ತಿತ್ತು. ಹಿರಿಯರ ಮುಂದೆ ಹೋಗಿ ಎತ್ತಿಕೊಳ್ಳುವ ಹಾಗಿರಲಿಲ್ಲ. ಎದೆಗೆ ಶಾಲು ಬಿಗಿದುಕೊಂಡು ಹಸು ಕರೆಯುತ್ತಿದ್ದೆ. ಅಷ್ಟು ಬಿಗಿದರೂ ಅಂಗಿ ತೋಯುತ್ತಿತ್ತು. ಮಾತು ಬಂದಾಗ ನನ್ನ ಅತ್ತೆಯನ್ನು ಅಮ್ಮ ಎಂದ, ನಿಮ್ಮ ಮಾವನನ್ನು ಅಣ್ಣ ಎಂದ, ನನ್ನನ್ನು ಅತ್ತಿಗೆ ಎಂದ. ಈಗ ಅವನ ಗಡ್ಡಕ್ಕೆ ನರೆ ಬಂದಿದೆ. ಇವತ್ತಿಗೂ ನಾನು ಅವನಿಗೆ ಅತ್ತಿಗೆ. ನನ್ನ ಅತ್ತೆ ಕೆಟ್ಟವರಾಗಿರಲಿಲ್ಲ ಮೀರಿಮ್, ಅವನನ್ನು ಅಂಗೈಯಲ್ಲಿಟ್ಟು ಸಾಕಿದರು. ಆದರೂ ನನ್ನ ಹೊಟ್ಟೆ ಉರಿಯಿತು. ಯಾರ ಹತ್ತಿರ ಹೇಳಿಕೊಳ್ಳಲಿ? ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ಕುಬಾತ್ ತಲೆತುಂಬಾ ಹುಲ್ಲುಕಡ್ಡಿ ಅಂಟಿಸಿಕೊಂಡು ಚಹಾಕ್ಕೆ ಒಳಗೆ ಬಂದ. ನಾನು ಹೊಲಿಯುತ್ತಿದ್ದದ್ದನ್ನು ಎತ್ತಿ ಅಂಗೈ ಮೇಲೆ ಹರಡಿಕೊಂಡ. ಅವನ ಕೈ ಗೊತ್ತಲ್ಲ, ಸಲಿಕೆಯಂಥದ್ದು, ಲಂಗೋಟಿ ಅದರೊಳಗೇ ಮುಳುಗಿಹೋಯಿತು.

"ಅತ್ತಿಗೆ, ನಂಗೂ ಹೀಗೇ ಏನಾದ್ರೂ ಹೊಲಿದಿದ್ರಾ ನೀವು?"

"ಹೊಲಿದಿರ್ಬೇಕಪ್ಪ, ಯಾರಿಗೆ ನೆನಪಿದೆ" ಎಂದೆ.

ಅವನು ನಕ್ಕ. "ನೋಡಿ ಅಣ್ಣ, ಅತ್ತಿಗೆ ನನ್ನ ಮರ್ತೇಬಿಟ್ಟಿದ್ದಾರೆ" ಎಂದು ತಂದೆಯ ಕಡೆ ತಿರುಗಿದ. ನಿಮ್ಮ ಮಾವ ನಗಲಿಲ್ಲ. ಬಟ್ಟಲು ಕೆಳಗಿಟ್ಟು ಕುದುರೆಗೆ ನೀರು ತೋರಿಸುತ್ತೇನೆಂದು ಎದ್ದುಹೋದರು. ಕುದುರೆ ಆಗಷ್ಟೇ ನೀರು ಕುಡಿದಿತ್ತು.

ಕುಬಾತ್ ಕೆಲಸಕ್ಕೆ ಮರಳಿದ ಮೇಲೆ ನಾನೇ ಲಾಯದ ಹತ್ತಿರ ಹೋಗಿ, ಹುಡುಗನನ್ನು ತರುವುದು ಬೇಡ ಎಂದುಬಿಟ್ಟೆ. ಅವರು ಕುದುರೆಯ ಜೂಲು ಬಿಡಿಸತೊಡಗಿದರು. ಆಮೇಲೆ, "ಊರವರು ಏನಂತಾರೆ? ಸೊಸೆ ಕೊಡಲಿಲ್ಲ ಅಂತಾರೆ. ಆ ಹುಡುಗಿ ಹೆಸರು ಕೆಡತ್ತೆ" ಎಂದರು.

"ಅವಳ ಹೆಸರು ಯಾಕೆ ಕೆಡಬೇಕು? ನನ್ನ ಹೆಸರು ಹೇಗೂ ತೂತಾಗಿದೆ. ಈ ಮುದುಕಿಗೆ ಲಂಗೋಟಿ ಕಟ್ಟೋಕೇ ಬರಲ್ಲ, ಮಗುನ ಹೇಗೆ ಕೊಡೋದು ಅಂತ ಹೇಳಿ. ಎಲ್ಲರೂ ನಂಬ್ತಾರೆ, ನೀವೇ ಡಂಗುರ ಸಾರಿದ್ದೀರಲ್ಲ."

ಅವರು ಎಲಾಮಾನ್‌ಗೆಂದು ಮರದ ಪುಟ್ಟ ಜೀನೊಂದನ್ನು ಮಾಡಿಟ್ಟಿದ್ದರು, ಪಾಪ. ಅದರ ಧೂಳು ಒರೆಸಿ ಮತ್ತೆ ಮೊಳೆಗೆ ನೇತುಹಾಕಿದರು. "ಬೇಸಿಗೆಗಾದ್ರೂ ಕರ್ಕೊಂಡ್ ಬರ್ತಾಳೇನೇ?" ಎಂದು ನನ್ನನ್ನು ಕೇಳಿದರು. ನಾನೇನು ಹೇಳಲಿ, ನೀನೇ ಉತ್ತರ ಬರೆ. ಬಾ, ಮಗುವಿನ ಜೊತೆ ನೀನೂ ಬಾ, ಎಷ್ಟು ದಿನ ಬೇಕೋ ಇರು, ಹೋಗುವಾಗ ಜೊತೆಗೇ ಎತ್ತಿಕೊಂಡು ಹೋಗು.

ಈ ಕಾಗದದ ಜೊತೆ ಕಳಿಸಿರುವ ಗಂಟಿನಲ್ಲಿ ಲಂಗೋಟಿಗಳಿವೆ. ಸಣ್ಣವು, ನಡು ಅಳತೆಯವು, ಅವನು ಎದ್ದು ಓಡಾಡುವಾಗ ಬೇಕಾಗುವ ದೊಡ್ಡವು. ನೀನು ಆರಿಸಲಾರದ್ದನ್ನು ನಾನು ಆರಿಸಿದ್ದೇನೆ. ಯಾವುದಕ್ಕೂ ತೂತಿಲ್ಲ, ಬೇಕಾದರೆ ಬೆಳಕಿಗೆ ಹಿಡಿದು ನೋಡು. ಹೊಸ ಬಟ್ಟೆ ಮೊದಮೊದಲು ನೀರು ಹೀರುವುದಿಲ್ಲ, ನಾಲ್ಕಾರು ಸಲ ಒಗೆದು ಹಾಕು. ಕಟ್ಟಿದ ಮೇಲೆ ತೊಡೆಯ ಹತ್ತಿರ ನಿನ್ನ ಎರಡು ಬೆರಳು ಸಲೀಸಾಗಿ ಹೋಗಬೇಕು, ಇಲ್ಲದಿದ್ದರೆ ಗೆರೆ ಬೀಳುತ್ತದೆ. ಬರೀ ಬಟ್ಟೆ ಒದ್ದೆಯನ್ನು ಹೊರಗೆ ಬಿಡುತ್ತದೆ, ಅದಕ್ಕೇ ಮೇಲೆ ಹಾಕಲು ಉಣ್ಣೆಯ ಚಡ್ಡಿ ಹೆಣೆದಿದ್ದೇನೆ. ಜಿಡ್ಡು ತೆಗೆಯದ ಉಣ್ಣೆ, ಸ್ವಲ್ಪ ಕುರಿಯ ವಾಸನೆ ಬರುತ್ತದೆ, ಬರಲಿ, ಅವನೇನು ಸಾಹೇಬನೇ? ಅದನ್ನು ಮಾತ್ರ ಬಿಸಿನೀರಿಗೆ ಹಾಕಬೇಡ. ಹಾಕಿದರೆ ಕುಗ್ಗಿ ಬೆಕ್ಕಿನ ಟೋಪಿ ಆಗುತ್ತದೆ.

ಯಾರಾದರೂ ಕೇಳಿದರೆ ನೀನೂ ನಮ್ಮ ಹಾಗೇ ಹೇಳು. ಅತ್ತೆಗೆ ಕಲಿಸಿ ಕಲಿಸಿ ಸಾಕಾಯಿತು, ಕೈಗೆ ಹತ್ತಲಿಲ್ಲ ಅನ್ನು. ನನ್ನ ಮಾನವೇನೂ ಹೋಗುವುದಿಲ್ಲ. ತಲಾಂತ್‌ಗೂ ಒಗೆಯಲು ಕಲಿಸು; ನೆಲ ನೋಡುತ್ತಾ ಕೂರುವುದಕ್ಕಿಂತ ಅದು ಒಳ್ಳೆಯದು. ಮಗುವಿಗೆ ಹಲ್ಲು ಬಂದ ದಿನ ಫೋನ್ ಮಾಡು, ಅವತ್ತು "ಹೂಂ ಅತ್ತೆ" ಅನ್ನದೆ ಬಾಯಿ ತುಂಬಾ ಮಾತಾಡು.

ಎಲಾಮಾನ್‌ನ ಅಜ್ಜಿ, ಬರೀ ಅಜ್ಜಿ,
ಸಲ್ಕಿನಾಯ್

ತಾ.ಕ.: ನಡು ಅಳತೆಯ ಒಂದರ ಒಳಪದರ ಹಳದಿ ಫ್ಲಾನೆಲ್ ಇದೆ. ಅದು ಕುಬಾತ್‌ಗೆ ನಲವತ್ತು ದಿನ ತುಂಬಿದಂದು ತೊಡಿಸಲೆಂದು ನಾನು ಹೊಲಿದಿದ್ದ ಅಂಗಿ. ಅವತ್ತೇ ಅವನನ್ನು ಆಚೆ ಮನೆಗೆ ಎತ್ತಿಕೊಂಡು ಹೋದರು, ಅಲ್ಲಿ ಬೇರೆ ಅಂಗಿ ಸಿದ್ಧವಿತ್ತು. ತಲಾಂತ್‌ಗೆ ತೊಡಿಸಲು ನನಗೆ ಮನಸ್ಸು ಬರಲಿಲ್ಲ. ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಒಣಗಿಕೊಂಡೇ ಇತ್ತು. ಈ ಗಂಟು ತರುವವನು ಕುಬಾತ್. ಅವನನ್ನು ಕೂರಿಸಿ ಚಹಾ ಕೊಟ್ಟು, ಅವನ ಎದುರಿಗೇ ಅದನ್ನು ಮಗುವಿಗೆ ಕಟ್ಟು. ಅತ್ತಿಗೆಗೆ ನೆನಪಿತ್ತಂತೆ ಎಂದು ಹೇಳು. ಚೆಂದವಿದೆ ಎಂದು ಎತ್ತಿಡಬೇಡ, ಮೀರಿಮ್. ಒದ್ದೆಯಾಗಲಿ.