ಸದ್ದಿಲ್ಲದ ಬಾಗಿಲು

ಅಪ್ಪಾ,

ನೀನೀಗ ಇಲ್ಲ, ಓದುವುದಿಲ್ಲವೆಂದು ಗೊತ್ತಿದ್ದೂ, ಇದನ್ನು ಮೊದಲು ನಿನಗೇ ಹೇಳಬೇಕೆನಿಸಿತು. ನೀನು ನಡೆಸುತ್ತಿದ್ದ ಹಡಗಿನ ಬದಲಿಗೆ ನೌಕಾಪಡೆ ಕೊಳ್ಳಬೇಕಾದ ಹೊಸ ಹಡಗನ್ನು ಇವತ್ತು ಆರಿಸಿದೆವು. ಸಮಿತಿಯಲ್ಲಿ ನಾನೂ ಇದ್ದೆ.

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಮರಳಿಗೆ ತಂದು ನಿಲ್ಲಿಸಿದ್ದರು. ಸೈನಿಕರು ದಡಕ್ಕೆ ಇಳಿಯುವ ಆ ಮೂತಿಯ ಬಾಗಿಲಿದೆಯಲ್ಲ, ಹಳೆಯದರಲ್ಲಿ ಅದರ ಕೀಲು ನೋಡಿ ಎಂಜಿನಿಯರ್ ಹಣೆ ಚಚ್ಚಿಕೊಂಡರು.

"ಪೂರ್ತಿ ಸೀಳಿಹೋಗಿದೆ! ನಿಧಾನಕ್ಕೆ ಇಳಿಸಿ ಅಂತ ನಿಯಮಾನೇ ಇದೆ. ಯಾವ ಪುಣ್ಯಾತ್ಮ ದಿನಾ ಹೀಗೆ ಕುಕ್ಕಿದ್ನೋ!"

ದಡ ಮುಟ್ಟಿದ ಕೂಡಲೇ ನೀನು ಸರಪಳಿ ಸಡಿಲ ಬಿಟ್ಟು ಬಾಗಿಲನ್ನು ದಡಾರನೆ ಬೀಳಿಸುತ್ತಿದ್ದೆ. ಸದ್ದು ಗುಡ್ಡದ ಮೇಲಿನ ನಮ್ಮ ಕ್ವಾರ್ಟರ್ಸ್‌ಗೆ ಕೇಳುತ್ತಿತ್ತು. "ಬಂದ್ರು ನಿಮ್ಮಪ್ಪ," ಎಂದು ಅಮ್ಮ ಚಹಾಕ್ಕೆ ನೀರಿಡುತ್ತಿದ್ದಳು. ಮೇಲಿನವರು ಬೈದರೆ ನಿನ್ನದು ಒಂದೇ ಮಾತು: "ಕೀಲು ಹೋದ್ರೆ ಸರ್ಕಾರ ಹಾಕ್ಸತ್ತೆ. ಚಹಾ ತಡ ಆದ್ರೆ ಸರ್ಕಾರ ಬರತ್ತಾ?"

ಹೊಸದರ ಬಾಗಿಲು ಬೆಕ್ಕು ಪಾದ ಊರಿದಂತೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳ್ಳೆಯ ಹಡಗು ಅಪ್ಪಾ, ನಾನೂ ಅದಕ್ಕೇ ಕೈ ಎತ್ತಿದೆ. ಆದರೂ ಕಿವಿ ಮಾತ್ರ ಇನ್ನೂ ಕಾಯುತ್ತಲೇ ಇತ್ತು.

ಸಂಜೆ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಅಮ್ಮ ಬೆಚ್ಚಿಬಿದ್ದಳು. "ಯಾವಾಗ ಬಂದ್ಯೇ? ಸದ್ದೇ ಇಲ್ಲ!"

ನಾನು ಮತ್ತೆ ಹೊರಗೆ ಹೋದೆ. ಈ ಸಲ ಒಳಗೆ ಬಂದು ಬಾಗಿಲನ್ನು ದಡಾರನೆ ಹಾಕಿದೆ.

ಅಮ್ಮ ಚಹಾಕ್ಕೆ ನೀರಿಟ್ಟಳು.